ಅಡ್ಡಹೆಸರು ನಿರ್ಮೂಲನ ಕಾರ್ಯಕ್ರಮ

ಎರಡು ದಿನದ ಕೆಲಸ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಯಾರೂ ಕೇಳಿರಲಿಲ್ಲ!

ತೊಂಬತ್ತರ ದಶಕದ ಕೊನೆಯ ವರ್ಷಗಳ ಮಾತು. ಪುಣೆಯ ಒಂದು ಸಣ್ಣ ಕಂಪನಿಯಲ್ಲಿ ನಾನು ಹಂಗಾಮಿ ಪ್ರೋಗ್ರಾಮರ್. ಕಾರ್ಖಾನೆಯ ಮಷೀನುಗಳಿಗಾಗಿ ನಾವು ನಮ್ಮದೇ ಒಂದು ಪುಟ್ಟ ಭಾಷೆ ಮಾಡಿದ್ದೆವು. ಆಪರೇಟರ್ ಆ ಭಾಷೆಯಲ್ಲಿ ಬರೆದದ್ದನ್ನು ಮಷೀನಿಗೆ ತಿಳಿಯುವಂತೆ ಮಾಡಿಕೊಡುವುದು, ತಪ್ಪಿದ್ದರೆ ಪರದೆಯ ಮೇಲೆ ಹೇಳುವುದು, ಇಷ್ಟು ನಮ್ಮ ಕಂಪೈಲರಿನ ಕೆಲಸ. ಅದರ ಹೊಸ ಆವೃತ್ತಿ ಸೋಮವಾರ ಭೋಸರಿಯ ಕಾರ್ಖಾನೆಯಲ್ಲಿ ನೆಟ್ಟಗೆ ನಡೆದರೆ ನನ್ನ ನೌಕರಿ ಕಾಯಂ ಎಂದು ಯಜಮಾನರಾದ ದೇಶಪಾಂಡೆ ಮಾತು ಕೊಟ್ಟಿದ್ದರು. ಮಾವನವರು ಪ್ರತಿ ಪತ್ರದಲ್ಲೂ ಅದೊಂದನ್ನೇ ಕೇಳುತ್ತಿದ್ದರು.

ಆ ಭಾಷೆಯಲ್ಲಿ ಉದ್ದನೆಯ ವಿವರಕ್ಕೆ ಒಂದು ಚಿಕ್ಕ ಹೆಸರಿಡಬಹುದಿತ್ತು. ಲೋಹ ಕೊರೆಯುವ ಉಪಕರಣದ ನಂಬರು, ದಪ್ಪ, ಉದ್ದ, ಸವಕಳಿ ಎಂದೆಲ್ಲ ಬರೆಯುವ ಬದಲು ‘ಟೂಲ್’ ಎಂದರೆ ಸಾಕು. ಆದರೆ ನಮ್ಮ ಕಂಪೈಲರು ಐವತ್ತು ಕಡೆ ನಿಂತು ‘ಈ ಟೂಲ್ ಅಂದರೆ ನಿಜವಾಗಿ ಏನು?’ ಎಂದು ವಿಚಾರಿಸುತ್ತಿತ್ತು. ಎಂಥ ದಡ್ಡತನ! ಹೊಸ್ತಿಲಲ್ಲೇ ಅಡ್ಡಹೆಸರನ್ನು ಕಿತ್ತು, ಅಸಲು ವಿವರ ಬರೆದು ಒಳಗೆ ಬಿಟ್ಟರೆ ಮುಗಿಯಿತಲ್ಲ?

ಈ ಕ್ರಾಂತಿಯನ್ನು ಹೆಂಡತಿಗೆ ವಿವರಿಸಿದೆ. ಅವಳಿಗೆ ತವರಿನಲ್ಲಿ ವತ್ಸಲಾ ಎಂದು ಹೆಸರು; ನಮ್ಮ ಪದ್ಧತಿಯಂತೆ ಮದುವೆಯಲ್ಲಿ ಗಿರಿಜಾ ಆದಳು.

“ನಿನಗೂ ಎರಡು ಹೆಸರು. ಇನ್ನು ಮ್ಯಾಲೆ ಬಾಗಿಲೊಳಗೇ ಗಿರಿಜಾ ಅನ್ನೋದನ್ನ ಅಳಿಸಿ ವತ್ಸಲಾ ಅಂತ ಬರದು ಒಳಗ ಬಿಡೋದು. ತಿಳೀತೇನು?”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹಂಗಾದ್ರ ಎಲ್ಲಾರ ಮುಂದ ಅಕ್ಕಿಯೊಳಗ ಉಂಗುರದಿಂದ ಹೆಸರು ಬರದ್ರಲ್ಲ, ಅದೆಲ್ಲಾ ಸುಳ್ಳೇನ್ರಿ? ನಮ್ಮ ಗಲ್ಲ್ಯಾಗ ನಿಂತು ವತ್ಸಲಾ ಅಂತ ಕೂಗ್ರಿ, ಯಾರು ಓ ಅಂತಾರ ನೋಡೋಣು.”

“ನಿನಗ ಕಂಪ್ಯೂಟರ್ ತಿಳಿಯೂದಿಲ್ಲ ಬಿಡು” ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ದಿನ ಕೂತು ಹೊಸ್ತಿಲಲ್ಲೇ ಅಡ್ಡಹೆಸರು ಕೀಳುವಂತೆ ಮಾಡಿ, ಐವತ್ತು ಕಡೆಯ ವಿಚಾರಣೆಯನ್ನೂ ಅಳಿಸಿದೆ. ಕಂಪೈಲರು ಮೊದಲಿನ ಅರ್ಧದಷ್ಟು ಹೊತ್ತಿನಲ್ಲೇ ಕೆಲಸ ಮುಗಿಸತೊಡಗಿತು. ದೇಶಪಾಂಡೆ ನನ್ನ ಬೆನ್ನು ತಟ್ಟಿದರು. ಹಳೆಯದರ ಪ್ರತಿ ಇದ್ದ ಫ್ಲಾಪಿಗಳ ಮೇಲೂ ಹೊಸದನ್ನೇ ಬರೆದುಬಿಟ್ಟೆ. ಹಳೆಯದನ್ನು ಇಟ್ಟುಕೊಂಡು ಪೂಜೆ ಮಾಡುವುದೇ!

ಸೋಮವಾರ ಭೋಸರಿಯಲ್ಲಿ ಮಷೀನಿನ ಮುಂದೆ ಮಲ್ಲಪ್ಪ ಕುಳಿತಿದ್ದ. ಯಾದಗಿರಿ ಕಡೆಯವನು, ಹತ್ತು ವರ್ಷ ಅದೇ ಮಷೀನು ನಡೆಸಿದವನು. ಅಲ್ಲಿದ್ದ ಹಳೆಯದನ್ನೂ ಅಳಿಸಿ ಹೊಸದನ್ನು ಹಾಕಿ, ಬೇಕೆಂದೇ ಒಂದು ತಪ್ಪು ಮಾಡಿ ತೋರಿಸಲು ಅವನಿಗೆ ಹೇಳಿದೆ. ಮೊದಲಾಗಿದ್ದರೆ ‘ಇಲ್ಲಿ ಟೂಲ್ ಬೇಕು’ ಎಂದು ಒಂದು ಸಾಲು ಬರುತ್ತಿತ್ತು. ಈಗ ‘ಇಲ್ಲಿ ಪೂರ್ಣಾಂಕ, ದಶಮಾಂಶ, ದಶಮಾಂಶ, ಎಂಟು ದಶಮಾಂಶಗಳ ಸಾಲು, ಅದರೊಳಗೆ...’ ಎಂದು ಶುರುವಾಗಿ ಪರದೆ ತುಂಬಿ ಕೆಳಗೆ ಹರಿಯಿತು.

“ಸಾಹೇಬ್ರ, ಇದೇನು ಜಾತಕ ಬಂತಲ್ರಿ! ಟೂಲ್ ಎಲ್ಲಿ ಹೋತು?” ಎಂದ ಮಲ್ಲಪ್ಪ.

“ಇದೇ ಟೂಲ್‌ನ ಅಸಲು ರೂಪ.”

“ಅಸಲು ತಗೊಂಡು ನಾ ಏನ್ ಮಾಡ್ಲಿ? ನನಗ ಟೂಲ್ ಅಂದ್ರ ತಿಳೀತದ.”

ಅಲ್ಲೇ ಕುಳಿತು ತಿದ್ದಿದೆ. ಆ ವಿವರ ಕಂಡಲ್ಲೆಲ್ಲ ಅದಕ್ಕೆ ಹೊಂದುವ ಚಿಕ್ಕ ಹೆಸರು ಹುಡುಕಿ ತೋರಿಸು ಎಂದು ಕಂಪೈಲರಿಗೆ ಹೇಳಿದೆ. ಆದರೆ ಸಾಮಾನು ಇಡುವ ‘ಟ್ರೇ’ಗೂ ಅಷ್ಟೇ ವಿವರ, ಅದೇ ಕ್ರಮ! ಕಂಪೈಲರು ಮೊದಲು ಸಿಕ್ಕ ಹೆಸರು ಹಿಡಿದು ‘ಇಲ್ಲಿ ಟ್ರೇ ಬೇಕು’ ಎಂದಿತು. ಇಬ್ಬರು ಕೆಲಸಗಾರರು ಪಾಪ, ಟ್ರೇ ತಂದಿಟ್ಟರು. ಮತ್ತೆ ಅದೇ ಸಂದೇಶ. ಇನ್ನೊಂದು ಟ್ರೇ ತಂದರು. ನನ್ನ ಜೊತೆ ಬಂದಿದ್ದ ದೇಶಪಾಂಡೆ ಕನ್ನಡಕ ತೆಗೆದು ಒರೆಸಿಕೊಂಡರು.

ಗಾಬರಿಯಲ್ಲಿ ಒಂದು ಹೆಸರು ಇನ್ನೊಂದು ಹೆಸರನ್ನು ಕೇಳುವಂತೆ ಮಾಡಿದೆ. ಟೂಲ್ ಯಾರೆಂದರೆ ಟ್ರೇಯನ್ನು ಕೇಳು, ಟ್ರೇ ಯಾರೆಂದರೆ ಟೂಲನ್ನು ಕೇಳು ಎಂದಾಯಿತು. ಕಂಪೈಲರು ಕೇಳುತ್ತಲೇ ಉಳಿಯಿತು. ಊಟದ ಭೋಂಗಾ ಕೂಗಿ ಎಲ್ಲರೂ ಡಬ್ಬಿ ಬಿಚ್ಚಿದರೂ ಅದಿನ್ನೂ ಕೇಳುತ್ತಿತ್ತು. ಯಾವುದು ಹೆಸರು, ಯಾವುದು ವಸ್ತು ಎಂದು ನನಗೇ ಗೊತ್ತಾಗದಂತಾಗಿ ತಲೆ ಗಿರ್ ಎಂದಿತು.

“ಹಳೆಯದನ್ನೇ ಹಾಕಿ” ಎಂದರು ದೇಶಪಾಂಡೆ ಮರಾಠಿಯಲ್ಲಿ, ಬಹಳ ಮೆಲ್ಲಗೆ.

ಫ್ಲಾಪಿಗಳ ವಿಷಯ ಹೇಳಿದೆ. ಅವರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಅಲ್ಲಿ ಮಾಡಿದ ತಿದ್ದುಪಡಿಗಳನ್ನೆಲ್ಲ ಕಿತ್ತುಹಾಕಿದ ಮೇಲೆ ಜಾತಕ ತೋರಿಸುವ ಆವೃತ್ತಿಯೇ ಗಟ್ಟಿಯಾಯಿತು. ಅದು ನಡೆಯುವುದಾದರೂ ನಡೆಯುತ್ತಿತ್ತು. ಮಲ್ಲಪ್ಪ ಮಾತ್ರ ನನ್ನ ಕಡೆ ಕೈ ತೋರಿಸಿ ದೇಶಪಾಂಡೆಯವರಿಗೆ ಒಂದು ಶರತ್ತು ಹಾಕಿದ: “ಇವ್ರನ್ನ ಇಲ್ಲೇ ಬಿಟ್ಟು ಹೋಗ್ರಿ. ಅದು ಏನಂತದ ಅಂತ ಇವ್ರೇ ಓದಿ ಹೇಳ್ಲಿ.”

ಮುಂದಿನ ವಾರ ಪತ್ರ ಬಂತು. ನೌಕರಿ ಕಾಯಂ! ಸ್ಥಳ: ಭೋಸರಿ, ಮಷೀನಿನ ಪಕ್ಕ. ಕೆಲಸ: ಸಂದೇಶಗಳ ಅರ್ಥ ಹೇಳುವುದು. ಹೆಂಡತಿ ‘ಕಾಯಂ’ ಎಂಬಲ್ಲಿಗೇ ಓದುವುದು ನಿಲ್ಲಿಸಿ ಗಲ್ಲಿಗೆಲ್ಲ ಪೇಢೆ ಹಂಚಿದಳು, ತಂದೆಗೂ ಬರೆದಳು.

ನಾನು ದಿನವೂ ಬಸ್ಸು ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂರತೊಡಗಿದೆ. ಪರದೆ ತುಂಬಿದಾಗಲೆಲ್ಲ ಮಲ್ಲಪ್ಪ ತಿರುಗಿ “ಏನಂತದ್ರಿ ಸಾಹೇಬ್ರ?” ಎನ್ನುತ್ತಿದ್ದ. ಅರ್ಧಕ್ಕರ್ಧ ನನಗೂ ತಿಳಿಯುತ್ತಿರಲಿಲ್ಲ. ಗಂಭೀರವಾಗಿ ಓದಿದಂತೆ ಮಾಡಿ, “ಬಂದ್ ಮಾಡಿ ಚಾಲೂ ಮಾಡಪಾ” ಎನ್ನುತ್ತಿದ್ದೆ.