ಮುಟ್ಟಬಾರದ ಗಾಜು

ಬೊಮ್ಮಸಂದ್ರದ ನಮ್ಮ ಪುಟ್ಟ ಪ್ರಯೋಗಶಾಲೆಯಲ್ಲಿ ಬೆಳಿಗ್ಗೆ ಇಟ್ಟ ಗಾಜು ಸಂಜೆಯವರೆಗೆ ಶುದ್ಧವಾಗಿ ಉಳಿದರೆ ಅದೇ ಹಬ್ಬ.

ಕಾಲುವೆಯಲ್ಲಿ ನೀರು ಹರಿಸಿದಂತೆ ನಾವು ತೆಳುವಾದ ಗಾಜಿನೊಳಗೆ ಕೆಂಪು ಬೆಳಕು ಹರಿಸುತ್ತೇವೆ. ಗಾಜಿನ ಮೈಗೆ ಯಾವ ಅಣು ಅಂಟಿದರೂ ಬೆಳಕಿಗೆ ತಿಳಿದು, ಪರದೆಯ ಮೇಲಿನ ಗೆರೆ ಏಳುತ್ತದೆ. ಏನೂ ಅಂಟದಿದ್ದರೆ ಗೆರೆ ಮಲಗಿರಬೇಕು. ಈ ಯಂತ್ರ ನೋಡಲು ಔಷಧ ಕಂಪನಿಯ ಅಧಿಕಾರಿ ಶುಕ್ರವಾರ ಬರುವವರಿದ್ದರು. ಅವರು ಕೊಳ್ಳದಿದ್ದರೆ ಮಾಲೀಕರು ಪ್ರಯೋಗಶಾಲೆ ಮುಚ್ಚಿ, ಮೊದಲಿನಂತೆ ಬಾಟಲಿ ಮುಚ್ಚಳ ಮಾಡುತ್ತಾರೆ. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದ ನಾನು ಮುಚ್ಚಳ ಎಣಿಸಬೇಕು!

ಬೆರಳು

ಸೋಮವಾರ ಮಾಲೀಕರೇ ಬಂದರು. "ಬೆಳಕು ಎಲ್ಲಿ ಮೇಡಂ? ಕಾಣ್ತಾನೇ ಇಲ್ಲ."

"ಒಳಗಿದೆ ಸಾರ್. ಮುಟ್..."

ಅಷ್ಟರಲ್ಲಿ ಒತ್ತಿಯೇಬಿಟ್ಟರು. ಹೆಬ್ಬೆರಳ ಗುರುತು ಗಾಜಿನ ಮೇಲೆ ಕೆಂಪಗೆ ಹೊಳೆಯಿತು.

"ಆಹಾ, ಈಗ ಕಾಣ್ತು ನೋಡಿ! ನನ್ನ ಕೈಗುಣ."

ಸೆರಗು

ಹೊಸ ಗಾಜು ಹಾಕಿದೆ. ಮರುದಿನ ಗೆರೆ ನಂದಿಬೆಟ್ಟದಷ್ಟು ಎದ್ದಿತ್ತು. ಕಸ ಗುಡಿಸುವ ರಾಯಚೂರಿನ ಅಕ್ಕ ಹೆಮ್ಮೆಯಿಂದ ನಿಂತಿದ್ದಳು.

"ಧೂಳ ಕುಂತಿತ್ರೀ ಮೇಡಂ. ಕಣ್ಣಿನ ಚಾಳೀಸಿನ ಗತೆ ಹಾ ಅಂತ ಊದಿ ಸೆರಗ್ಲೆ ಒರಸೀನ್ರಿ."

"ಬಾಯಲ್ಲಿ ಏನಮ್ಮ?"

"ಎಲಿ ಅಡಿಕಿ. ನಿಮಗೂ ಕೊಡ್ಲೇನ್ರಿ?"

ಆರತಿ

ಗುರುವಾರ ಸಂಜೆ ನಾನೇ ಮತ್ತೊಂದು ಗಾಜು ಕೂರಿಸಿ, 'ಯಾರೂ ಮುಟ್ಟಕೂಡದು' ಎಂದು ಬರೆದು ಅಂಟಿಸಿ, ಇಬ್ಬರಿಂದಲೂ ಆಣೆ ಹಾಕಿಸಿಕೊಂಡು ಮನೆಗೆ ಹೋದೆ.

ಶುಕ್ರವಾರ ಅಧಿಕಾರಿಯ ಎದುರು ಯಂತ್ರ ಹಾಕಿದರೆ, ಗೆರೆ ಮತ್ತೆ ಬೆಟ್ಟ! ನನಗೆ ಮುಚ್ಚಳಗಳು ಕಣ್ಣಮುಂದೆ ಬಂದವು.

"ಯಾರು ಮುಟ್ಟಿದ್ದು?"

"ನಾ ಅಲ್ರೀ," ಎಂದಳು ಅಕ್ಕ.

"ನಾನೂ ಮುಟ್ಟಿಲ್ಲ ಮೇಡಂ, ದೇವರಾಣೆ!" ಎಂದರು ಮಾಲೀಕರು. "ನಿಮ್ಮ ಮಾತಿನಂತೆ ಗೇಣು ದೂರ ನಿಂತು ಕರ್ಪೂರದಾರತಿ ಎತ್ತಿದೆ, ಅಷ್ಟೆ."

ಕರ್ಪೂರದ ಹೊಗೆ! ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅಧಿಕಾರಿ ಗಾಜಿನತ್ತ ಬಗ್ಗಿದರು. "ಕಣ್ಣಿಗೆ ಏನೂ ಕಾಣ್ತಿಲ್ವಲ್ಲ?"

"ಕಣ್ಣಿಗೆ ಕಾಣಲ್ಲ ಸಾರ್, ಬೆಳಕಿಗೆ ಗೊತ್ತಾಗುತ್ತೆ," ಎಂದು ಹಲ್ಲು ಕಚ್ಚಿ ಗಾಜು ಬದಲಿಸಿದೆ. ಗೆರೆ ತೆಪ್ಪಗೆ ಮಲಗಿತು.

"ಇನ್ನೊಂದ್ಸಲ ಆರತಿ ಎತ್ತಿ," ಎಂದರು ಅಧಿಕಾರಿ. ಮಾಲೀಕರು ಭಕ್ತಿಯಿಂದ ಎತ್ತಿದರು. ಗೆರೆ ಎದ್ದಿತು. ಅಧಿಕಾರಿ ಆರತಿಗೆ ಕೈ ಒಡ್ಡಿ ಕಣ್ಣಿಗೊತ್ತಿಕೊಂಡು, ಯಂತ್ರ ಕೊಳ್ಳುತ್ತೇವೆ ಎಂದೇಬಿಟ್ಟರು.

ಬಾಗಿಲ ಬಳಿ ಹೋದವರು ತಿರುಗಿ ಕೇಳಿದರು:

"ಮೇಡಂ, ಆರತಿ ತಟ್ಟೆ ಮಷೀನ್ ಜೊತೇಲೇ ಬರುತ್ತೋ, ನಾವೇ ತಗೋಬೇಕೋ?"