ದಾದರ್ ತಪ್ಪಿಸಿದ ಧ್ಯಾನ

ಯೋಗದ ನಾಲ್ಕು ಮಾರ್ಗಗಳ ಬಗ್ಗೆ ಹತ್ತು ನಿಮಿಷ ಮಾತಾಡಲು ಮುಂಬಯಿ ಪರೇಲ್‌ನ ನಮ್ಮ ಕನ್ನಡ ಸಂಘದವರು ನನ್ನನ್ನು ಕರೆದರು. ನನ್ನನ್ನು! ಇಪ್ಪತ್ತು ವರ್ಷಗಳಿಂದ ಆ ಸಂಘದಲ್ಲಿ ಕುರ್ಚಿ ಹಾಕಿದವನು, ಕುರ್ಚಿ ಎತ್ತಿಟ್ಟವನು ನಾನು. ಮೈಕಿನ ಹತ್ತಿರ ಹೋಗಿದ್ದು ಅದರ ವೈರು ಸರಿಮಾಡಲಿಕ್ಕೆ ಮಾತ್ರ. ಈ ಅವಕಾಶ ಕೈತಪ್ಪಿದರೆ ಮತ್ತೆ ಕುರ್ಚಿಯೇ ಗತಿ ಎಂದು ಚೆನ್ನಾಗಿ ಗೊತ್ತಿತ್ತು.

ಒಂದು ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಜೀವವನ್ನು ಪರಮಾತ್ಮನೊಡನೆ ಕೂಡಿಸುವುದೇ ಯೋಗ. ಫಲ ಬಯಸದೆ ದುಡಿದರೆ ಕರ್ಮಯೋಗ, ಪ್ರೀತಿಯಿಂದ ಶರಣಾದರೆ ಭಕ್ತಿಯೋಗ, ನಾನು ಯಾರೆಂದು ವಿಚಾರಿಸಿದರೆ ಜ್ಞಾನಯೋಗ, ಮನಸ್ಸು ನಿಲ್ಲಿಸಿ ಧ್ಯಾನಕ್ಕೆ ಕುಳಿತರೆ ರಾಜಯೋಗ.

"ನಾಲ್ಕೂ ಗೊತ್ತಾಯ್ತು ಮಾರಾಯ್ರೆ, ಸ್ವಲ್ಪ ಆಚೆ ನಿಲ್ಲಿ. ಒಗ್ಗರಣೆ ಸಿಡೀತದೆ," ಎಂದಳು ಹೆಂಡತಿ ಶಾರದೆ.

ಭಾನುವಾರ ಬಂತು. ಭಾಷಣಕಾರ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗುವುದುಂಟೇ? ನಮ್ಮ ದಹಿಸರ್‌ನವರ ಹಳೆಯ ಉಪಾಯದಂತೆ ಮೊದಲು ಹಿಂದಕ್ಕೆ ವಿರಾರ್‌ಗೆ ಹೋಗಿ, ಅಲ್ಲಿಂದ ಹೊರಡುವ ಖಾಲಿ ಲೋಕಲ್ ಹಿಡಿದೆವು.

"ಪರೇಲ್‌ಗೆ ಹೋಗ್ಲಿಕ್ಕೆ ದಾದರ್‌ನಲ್ಲಿ ಇಳೀಬೇಕು, ನೆನಪುಂಟಲ್ಲ?" ಎಂದು ಕೇಳಿ ಶಾರದೆ ಲೇಡೀಸ್ ಡಬ್ಬಿಗೆ ಹೋದಳು.

ಕಿಟಕಿಯ ಸೀಟು, ತಂಪು ಗಾಳಿ, ಹೊಟ್ಟೆ ತುಂಬ ಊಟ. ಭಾಷಣಕ್ಕೆ ಮೊದಲು ಅನುಭವವೂ ಇರಲೆಂದು ಕಾಲು ಮಡಚಿ ಕುಳಿತೆ. ಫೋನ್ ಬಂದ್ ಮಾಡಿದೆ. ಪಕ್ಕದವರಿಗೆ, "ಮೈ ಧ್ಯಾನ್ ಮೇ ಬೈಠ್ ರಹಾ ಹೂಂ, ಡಿಸ್ಟರ್ಬ್ ಮತ್ ಕರ್ನಾ," ಎಂದು ಗಂಭೀರವಾಗಿ ಸೂಚಿಸಿ ಕಣ್ಣು ಮುಚ್ಚಿದೆ.

ಮನಸ್ಸು ನಿಂತಿತು. ಪೂರ್ತಿ ನಿಂತಿತು!

ಕಣ್ಣು ಬಿಟ್ಟಾಗ ಹೊರಗೆ ಬೋರ್ಡು: ದಹಿಸರ್. ಅಬ್ಬಾ, ಇನ್ನೂ ನಮ್ಮ ಸ್ಟೇಷನ್, ಬೇಕಾದಷ್ಟು ಸಮಯವಿದೆ ಎಂದು ಖುಷಿಯಾಯಿತು. ವಾಚು ನೋಡಿದರೆ ಐದೂವರೆ. ನಾಲ್ಕಕ್ಕೆ ನನ್ನ ಭಾಷಣ! ಗಾಡಿ ದಾದರ್ ದಾಟಿ, ಕೊನೆಯ ಸ್ಟೇಷನ್ ಚರ್ಚ್‌ಗೇಟ್ ಮುಟ್ಟಿ, ನನ್ನನ್ನು ಹೊತ್ತುಕೊಂಡೇ ವಾಪಸು ಬಂದಿತ್ತು.

"ಜಗಾಯಾ ಕ್ಯೂಂ ನಹೀ?" ಯಾಕೆ ಎಬ್ಬಿಸಲಿಲ್ಲ ಎಂದು ಕಿರುಚಿದೆ.

ಎದುರಿನವರು ಕೈಮುಗಿದರು. "ಚರ್ಚ್‌ಗೇಟ್ ಮೇ ಉತರ್‌ನೇವಾಲೇ ಬೋಲೇ, ಬಾಬಾ ಸಮಾಧಿ ಮೇ ಹೈ, ಹಾಥ್ ಮತ್ ಲಗಾನಾ!" ಬಾಬಾ ಸಮಾಧಿಯಲ್ಲಿದ್ದಾರೆ, ಮುಟ್ಟಬೇಡಿ ಎಂದು ಚರ್ಚ್‌ಗೇಟಿನಲ್ಲಿ ಇಳಿದವರು ಹೇಳಿ ಹೋಗಿದ್ದರಂತೆ.

ಬಾಬಾ ದಡಬಡಿಸಿ ಇಳಿದು ಮನೆಗೆ ನಡೆದರು.

ಸಂಜೆ ಶಾರದೆ ಬಂದಳು. ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ.

"ಇದೆಂತದು?"

"ನಿಮ್ಮನ್ನು ಕಾದು ಕಾದು ಸಾಕಾಯ್ತು. ಕಡೆಗೆ ನಾನೇ ಮಾತಾಡಿದೆ. ವಾರವಿಡೀ ನೀವು ಓದಿ ಓದಿ ನನಗೆ ಬಾಯಿಪಾಠ ಆಗಿತ್ತಲ್ಲ! ಸ್ಟೇಜಲ್ಲಿ ಹಾಗೇ ಹೇಳಿದೆ. ಎಂಥಾ ಚಪ್ಪಾಳೆ ಅಂತೀರಿ!"

ಸಿಟ್ಟು ಬರಬೇಕಿತ್ತು. ಬಂದದ್ದು ಹೆಮ್ಮೆ, ಜೊತೆಗೆ ಒಂದು ಚೂರು ಹೊಟ್ಟೆಕಿಚ್ಚು. ಬುಟ್ಟಿಯ ಸೇಬು ಮಾತ್ರ ಬಹಳ ರುಚಿಯಾಗಿತ್ತು.

ಅಷ್ಟರಲ್ಲಿ ಸಂಘದ ಅಧ್ಯಕ್ಷರ ಫೋನ್. "ಮುಂದಿನ ತಿಂಗಳು ಉಪನಿಷತ್ತಿನ ಬಗ್ಗೆ ಇಟ್ಟುಕೊಂಡಿದ್ದೇವೆ ರಾಯರೇ."

ಎದೆ ಉಬ್ಬಿತು. "ಖಂಡಿತ! ನಾಳೆಯಿಂದಲೇ ತಯಾರಿ."

"ಹಾಂ, ತಯಾರಿ ಚೆನ್ನಾಗಿ ಮಾಡಿ. ಮನೆಯಲ್ಲಿ ಗಟ್ಟಿಯಾಗಿ ಓದಿ, ಅಷ್ಟು ಸಾಕು. ಮಾತಾಡಲಿಕ್ಕೆ ಶಾರದಕ್ಕ ಬರುತ್ತಾರೆ."

ಓದುತ್ತಿದ್ದೇನೆ. ಗಟ್ಟಿಯಾಗಿಯೇ!