ಬುದ್ಧಿವಂತ ಡಬ್ಬಿಯೂ ತಗಡಿನ ತುತ್ತೂರಿಯೂ

ಈ ಮನೆಗೆ ಬುದ್ಧಿ ಕಲಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಸೋಮವಾರ. ಅಡಿಸ್ ಅಬಾಬಾದಲ್ಲಿ ಈ ಮೆಕ್ಬಿಬ್‌ನನ್ನು ಬಲ್ಲವರಿಗೆ ಇದೇನೂ ಹೊಸದಲ್ಲ. ಮೊಬೈಲು, ಆ್ಯಪು, ಗೇಮು, ಚುನಾವಣೆ, ಯಾವುದೇ ಇರಲಿ, ನಾನು ಹಲ್ಲುಜ್ಜುವ ಮೊದಲೇ ನನ್ನದೊಂದು ಅಭಿಪ್ರಾಯ ಟೆಲಿಗ್ರಾಂ ಚಾನೆಲ್ಲಿಗೆ ಬಿದ್ದಿರುತ್ತದೆ. ಓದುಗರು ನಾನೂರ ಹನ್ನೊಂದು ಮಂದಿ! ಹೆಂಡತಿ ಸಿಂದು ಮಾತ್ರ ಅದರಲ್ಲಿಲ್ಲ. 'ಮನೇಲೇ ಪುಕ್ಕಟೆ ಕೇಳ್ತೀನಲ್ಲ' ಅನ್ನುತ್ತಾಳೆ.

ನಮ್ಮ ಬೀದಿಗೂ ನಾನು ಮಹದುಪಕಾರ ಮಾಡಿದ್ದೇನೆ. ಯಾರಾದರೂ ತೀರಿಕೊಂಡರೆ ಡೇರೆ, ಬೆಂಚು, ಹಂಡೆ ಹೊತ್ತು ತರುವ ನೆರೆಹೊರೆಯ ಸಂಘ ನಮ್ಮ ಇದ್ದಿರ್. ಮೊದಲು ಮುದುಕ ಎಂಗಿದಾ ತಗಡಿನ ತುತ್ತೂರಿ ಊದುತ್ತ ಬೀದಿ ಸುತ್ತಿ ಸಾವಿನ ಸುದ್ದಿ ಸಾರುತ್ತಿದ್ದ. ಯಾವ ಓಬೀರಾಯನ ಕಾಲದ ಪದ್ಧತಿ! ನಾನೇ ಮುಂದೆ ನಿಂತು ಸಂಘಕ್ಕೊಂದು ಟೆಲಿಗ್ರಾಂ ಗ್ರೂಪು ಮಾಡಿ ತುತ್ತೂರಿಗೆ ನಿವೃತ್ತಿ ಕೊಡಿಸಿದೆ. ಅದರಲ್ಲಿ ಸಾವಿನ ಸುದ್ದಿ ಬಿಟ್ಟು ಬೇರೇನೂ ಹಾಕಕೂಡದೆಂದು ಅಧ್ಯಕ್ಷ ಶುಮೆಟ್ ನಿಯಮ ಮಾಡಿದರು. ಮಾಡುವಾಗ ನನ್ನನ್ನೇ ನೋಡುತ್ತಿದ್ದರು.

ಇನ್ನು ಮನೆಯ ಸರದಿ. ದುಬೈಯಿಂದ ಒಂದು ಬುದ್ಧಿವಂತ ಡಬ್ಬಿ ತರಿಸಿದೆ. ಹೊಗೆ ಕಂಡರೆ ಅದು ಕೂಗುತ್ತದೆ, ಒಳಗೆ ಎಷ್ಟು ಜನ, ಅಲ್ಲಾಡುತ್ತಿದ್ದಾರೋ ಇಲ್ಲವೋ ನೋಡುತ್ತದೆ, ಹೇಳಿದವರಿಗೆ ಸಂದೇಶ ಕಳಿಸುತ್ತದೆ. ಹಾಲ್‌ನ ಮೂಲೆಯಲ್ಲಿ, ನನ್ನ ದೊಡ್ಡ ಪರದೆ ಮತ್ತು ಗೇಮ್ ಯಂತ್ರದ ನೆತ್ತಿಯ ಮೇಲೆ ಮೊಳೆ ಹೊಡೆದು ನೇತು ಹಾಕಿದೆ. ಆ ಮೂಲೆಗಾಗಿ ಸಿಂದುಗೂ ನನಗೂ ಎರಡು ವರ್ಷದ ಯುದ್ಧ. ಅದು ಕಾಫಿ ಮಣೆಯ ಜಾಗವಂತೆ. ನನ್ನ ದೆಸೆಯಿಂದ ಅವಳು ಅಂಗಳದಲ್ಲಿ ಕೂತು ಬೀಜ ಹುರಿಯಬೇಕಾಗಿದೆಯಂತೆ.

'ಭಾನುವಾರ ಅಮ್ಮ ಬರ್ತಾಳೆ. ಅವಳೆದುರು ನಿನ್ನ ಡಬ್ಬಿ ಏನಾದ್ರೂ ಕಿತಾಪತಿ ಮಾಡ್ತೋ, ಮೂಲೆ ನಂದು' ಎಂದಳು.

'ಮಾಡದಿದ್ರೆ?'

'ಆ ಮೂಲೆ ಸುದ್ದಿ ಇನ್ನೆತ್ತಲ್ಲ.'

ಗೆದ್ದೆ ಅಂದುಕೊಂಡೆ! ಅತ್ತೆ ಬೆಚ್ಚಿಬೀಳಬಾರದೆಂದು ಡಬ್ಬಿಯ ಕೂಗನ್ನು ಮುಂಚೆಯೇ ಬಂದ್ ಮಾಡಿದೆ. ಆಪತ್ತು ಬಂದರೆ ಸಂದೇಶ ಯಾರಿಗೆ ಎಂದು ಅದು ಕೇಳಿತು. ಒಬ್ಬೊಬ್ಬರ ಹೆಸರು ಹುಡುಕುವವರು ಯಾರು? ಇದ್ದಿರ್ ಗ್ರೂಪನ್ನೇ ಒತ್ತಿದೆ.

ಭಾನುವಾರ ಜಡಿಮಳೆ. 'ಮಳೇಲಿ ಅಂಗಳದಲ್ಲಿ ಕೂತು ಕಾಫಿ ಹುರಿಯೋಕಾಗುತ್ತಾ?' ಎಂದು ಅತ್ತೆ ನೇರ ನನ್ನ ಮೂಲೆಗೇ ಹೋಗಿ ಕೂತರು. ಹಸಿ ಹುಲ್ಲು ಹರಡಿ, ಇದ್ದಿಲ ಒಲೆ ಹಚ್ಚಿ, ಬೀಜ ಹುರಿದು, ಕೆಂಡಕ್ಕೆ ಧೂಪ ಸುರಿದರು. ಮೂರು ಸುತ್ತಿನ ಕಾಫಿ ಮುಗಿಯುವವರೆಗೆ ಮೊಬೈಲು ಮುಟ್ಟಬಾರದೆಂದು ನಮ್ಮಿಬ್ಬರದನ್ನೂ ಕಿತ್ತುಕೊಂಡು, ಸದ್ದು ಬಂದ್ ಮಾಡಿಸಿ, ಇಂಜೆರಾ ರೊಟ್ಟಿಯ ಬುಟ್ಟಿಯಲ್ಲಿಟ್ಟು ಮುಚ್ಚಿದರು.

ಹಾಲ್ ತುಂಬ ಹೊಗೆ. ಡಬ್ಬಿ ಗಪ್‌ಚಿಪ್! ಹೆಮ್ಮೆಯಿಂದ ಸಿಂದು ಕಡೆ ನೋಡಿ, ಅತ್ತೆಗೆ ಮುಂದಿನ ಚುನಾವಣೆ, ಈಚಿನ ಮೊಬೈಲುಗಳ ಬ್ಯಾಟರಿ, ಗೇಮುಗಳಿಂದ ಮೆದುಳಿಗಾಗುವ ಲಾಭ, ಎಲ್ಲವನ್ನೂ ವಿವರಿಸತೊಡಗಿದೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸಿಂದು ಗೋಡೆಗೊರಗಿದ್ದಳು. ಮೂವರಲ್ಲಿ ಅಲ್ಲಾಡುತ್ತಿದ್ದದ್ದು ನನ್ನ ನಾಲಿಗೆ ಒಂದೇ. ಡಬ್ಬಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಎರಡನೇ ಸುತ್ತಿಗೆ ಹೊರಗೆ ಗೂಟ ಬಡಿಯುವ ಸದ್ದು. ಪಕ್ಕದ ಮನೆ ರಿಪೇರಿ ಇರಬೇಕು ಎಂದೆ. ಬೆನ್ನಿಗೇ ಹೆಂಗಸರ ಅಳು ಕೇಳಿಸಿತು. ರಿಪೇರಿಗೆ ಯಾರು ಅಳುತ್ತಾರೆ? ಬಾಗಿಲು ತೆರೆದರೆ ನಮ್ಮ ಅಂಗಳದಲ್ಲಿ ಡೇರೆ! ಬೆಂಚು, ಹಂಡೆ, ಬಿಳಿ ಶಾಲು ಹೊದ್ದ ನಲವತ್ತು ಮಂದಿ. ನನ್ನನ್ನು ಕಂಡು ಶುಮೆಟ್ ಕೈಯಿಂದ ಡೇರೆಯ ಕೋಲು ಜಾರಿತು.

'ನೀನು ಬದುಕಿದ್ದೀಯಾ?' ಎಂದರು. ದನಿಯಲ್ಲಿ ಸ್ವಲ್ಪ ಆಕ್ಷೇಪಣೆ ಇತ್ತು.

ಮೊಬೈಲು ತೋರಿಸಿದರು. ಒಂದೇ ಸಂದೇಶ, ಹನ್ನೊಂದು ಸಲ: 'ಮೆಕ್ಬಿಬ್ ಮನೆ. ಅವಘಡ. ಒಳಗೆ ಮೂವರು. ಚಲನೆ ಇಲ್ಲ.' ಸಾವಿನ ಸುದ್ದಿಯ ಗ್ರೂಪು. ಫೋನ್ ಮಾಡಿದರೆ ಇಬ್ಬರೂ ಎತ್ತುತ್ತಿಲ್ಲ. ಅಳದೆ ಇನ್ನೇನು ಮಾಡುತ್ತಾರೆ? ನಾಚಿಕೆಯಿಂದ ನಾನು ನೆಲಕ್ಕಿಳಿದುಹೋದೆ.

ಅತ್ತೆ ಮಾತ್ರ ಕದಲಲಿಲ್ಲ. ಕಾಫಿ ಹೊತ್ತಿಗೆ ಬಂದವರು ಮೂರು ಸುತ್ತು ಕುಡಿಯದೆ ಹೋಗುವಂತಿಲ್ಲ ಎಂದು ಎಲ್ಲರನ್ನೂ ಒಳಗೆ ಕರೆದರು. ಜಾಗ ಸಾಲದು. ಸಿಂದು ಪರದೆಯ ವೈರು ಕಿತ್ತಳು. ಗೇಮ್ ಯಂತ್ರ ಮಂಚದಡಿಗೆ ಹೋಯಿತು. ಡಬ್ಬಿಯನ್ನು ಅತ್ತೆ ನೀರಿನ ಬಕೆಟ್ಟಿಗೆ ಅದ್ದಿ, 'ಈಗ ಅದಕ್ಕೂ ಚಲನೆ ಇಲ್ಲ' ಎಂದರು.

ಅಲ್ಲೇ ಸಂಘದ ಸಭೆ ನಡೆಯಿತು. ಗ್ರೂಪು ರದ್ದು, ತುತ್ತೂರಿ ಪುನಃ ಜಾರಿ! ಆದರೆ ಎಂಗಿದಾಗೆ ಈಗ ಹಲ್ಲಿಲ್ಲ. ಊದಿದರೆ ಗಾಳಿ ಬರುತ್ತದೆ, ಸದ್ದು ಬರುವುದಿಲ್ಲ. ಮತ್ತೆ ಊದುವವರು ಯಾರು?

ಮೂರನೇ ಸುತ್ತು ಬಗ್ಗಿಸುತ್ತ ಅತ್ತೆ ಹೇಳಿದರು: 'ನನ್ನ ಅಳಿಯ ಎರಡು ಸುತ್ತು ಮುಗಿಯೋವರೆಗೆ ಒಂದ್ಸಲಾನೂ ನಿಲ್ಲಿಸದೆ ಮಾತಾಡಿದಾನೆ. ಅಷ್ಟು ದಮ್ಮು ಈ ಬೀದೀಲಿ ಇನ್ಯಾರಿಗಿದೆ?'

ನಲವತ್ತು ಕೈ ಮೇಲೆದ್ದವು. ನಲವತ್ತೊಂದನೆಯದು ಸಿಂದುವಿನದು.

ಈಗ ಆ ಮೂಲೆಯಲ್ಲಿ ಕಾಫಿ ಮಣೆ ಇದೆ. ಡಬ್ಬಿಯ ಮೊಳೆಗೆ ತುತ್ತೂರಿ ನೇತಾಡುತ್ತಿದೆ. ಮೊನ್ನೆ ಚಾನೆಲ್ಲಿನಲ್ಲಿ ಅದರ ಬಗ್ಗೆ ಅಭಿಪ್ರಾಯ ಬರೆದೆ: 'ಚಾರ್ಜು ಬೇಡ, ನೆಟ್‌ವರ್ಕು ಬೇಡ, ಸುಳ್ಳು ಸುದ್ದಿ ಹರಡುವುದಿಲ್ಲ. ಐದಕ್ಕೆ ಐದು ಅಂಕ.' ಸಂಜೆಗೆ ನೋಡಿದರೆ ಓದುಗರು ನಾನೂರ ಹನ್ನೆರಡು! ಯಾರಪ್ಪ ಈ ಹೊಸಬ ಎಂದು ಹೆಸರು ಒತ್ತಿದೆ.

ಸಿಂದು.